ಐವತ್ತು ಪುಟದ ಲೆಕ್ಕ, ಬಾರದ ತಿಮಿಂಗಿಲ

ನನ್ನ ಓದಿನ ವಹಿಯಲ್ಲಿ ಕಳೆದ ಜುಲೈ 17ರ ಸಾಲು ಹೀಗಿದೆ: ‘ಪುಟ 151ರಿಂದ 163. ಬಾಕಿ 37. ನಿದ್ದೆ.’ ಅದಕ್ಕೂ ಹಿಂದಿನ ಮೂರು ದಿನ ಬಾಕಿಯ ಕಾಲಂ ಖಾಲಿಯಿದೆ. ಅಲ್ಲಿಂದ ಮುಂದೆ ಅದು ತುಂಬುತ್ತಲೇ ಹೋಯಿತು. ಆಗಸ್ಟ್ 19ರಂದು ಪುಸ್ತಕ ಮುಗಿದಾಗ ನಾನು ಹಾಕಿಕೊಂಡಿದ್ದ ಗಡುವು ದಾಟಿ 24 ದಿನಗಳಾಗಿದ್ದವು. ತಡವಾದದ್ದು ದೊಡ್ಡ ಮಾತಲ್ಲ. ಕೊನೆಯ ಪುಟ ಮಗುಚಿದಾಗ ಬಂದದ್ದು ಸಿಟ್ಟು, ಅದೂ ಮೋಸಹೋದವನ ಸಿಟ್ಟು. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡುತ್ತಾ ಹುಬ್ಬಳ್ಳಿಯಲ್ಲಿ 28 ವರ್ಷ ಕಳೆದಿದ್ದೇನೆ. ಶಿಲ್ಕು ಕಡಿಮೆ ಬಿದ್ದರೆ ಎಲ್ಲಿ ಸೋರಿತು ಎಂದು ಹಿಂದಿನ ಪುಟಗಳನ್ನು ತಿರುವಿ ನೋಡುವುದು ಕೈಗೆ ಹತ್ತಿದ ಅಭ್ಯಾಸ. ಈ ಸಲ ಕಡಿಮೆ ಬಿದ್ದದ್ದು ಖುಷಿ. ಹುಡುಕಿದ್ದು ಮಾತ್ರ ಅದೇ ಕ್ರಮದಲ್ಲಿ.

ಪುಸ್ತಕ ಹರ್ಮನ್ ಮೆಲ್ವಿಲ್ ಬರೆದ ‘ಮೊಬಿ ಡಿಕ್’, 1851ರ ಅಮೆರಿಕನ್ ಕಾದಂಬರಿ. ನನ್ನ ಪ್ರತಿಗೆ 640 ಪುಟ. ಓದಿದ್ದು ಇಂಗ್ಲಿಷಿನಲ್ಲಿ, ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡು.

ಹಿನ್ನೆಲೆ

ಪಂಥ ಕಟ್ಟಿದ್ದು ಅದರ ಹಿಂದಿನ ಡಿಸೆಂಬರಿನಲ್ಲಿ, ಧಾರವಾಡದಲ್ಲಿ, ನನ್ನ ಹೆಂಡತಿಯ ಅಣ್ಣನ ಮನೆಯ ಪಡಸಾಲೆಯಲ್ಲಿ. ಭಾವ ನಿವೃತ್ತ ಕನ್ನಡ ಮಾಸ್ತರರು. ಯಾವುದೋ ಮಾತಿಗೆ ನಾನು ಒಂದು ದೊಡ್ಡ ಕಾದಂಬರಿಯನ್ನು ಓದಿದವನಂತೆ ತಲೆಯಾಡಿಸಿದೆ. ಅವರು ಅದರ ಕೊನೆ ಹೇಗಾಗುತ್ತದೆ ಎಂದು ಕೇಳಿದರು. ನಾನು ಚಹಾದ ಬಟ್ಟಲು ಕೈಗೆತ್ತಿಕೊಂಡೆ. ಅಲ್ಲಿಂದ ಹುಟ್ಟಿದ್ದು ಈ ಹಟ: ಓದಿದ್ದೇನೆಂದು ಸುಳ್ಳು ಹೇಳಿಕೊಂಡು ಬಂದ ಹನ್ನೆರಡು ಕಾದಂಬರಿಗಳನ್ನು ಹನ್ನೆರಡು ತಿಂಗಳಲ್ಲಿ ನಿಜವಾಗಿ ಓದುವುದು. ನಿಯಮ ನನ್ನವೇ. ದಿನಕ್ಕೆ ಐವತ್ತು ಪುಟ, ಪುಟ ಹಾರಿಸುವಂತಿಲ್ಲ, ಒಂದು ಮುಗಿಯದೆ ಇನ್ನೊಂದನ್ನು ತೆರೆಯುವಂತಿಲ್ಲ. ಸೋತರೆ ಭಾವನ ಮನೆಮಂದಿಗೆಲ್ಲ ಗಿರ್ಮಿಟ್ ಮತ್ತು ಮಿರ್ಚಿ. ನಾನು ವಹಿಗೆ ಗೆರೆ ಎಳೆಯುತ್ತಿದ್ದುದನ್ನು ನೋಡಿ ಮಗಳು ಕೇಳಿದಳು: ‘ಅಪ್ಪಾ, ನೀವು ಓದಲು ಹೊರಟಿದ್ದೀರೋ, ಬಡ್ಡಿ ವಸೂಲಿಗೋ?’

ನಾನು ದಪ್ಪ ಪುಸ್ತಕಕ್ಕೆ ಹೆದರುವವನಲ್ಲ ಎಂಬುದಕ್ಕೆ ದಾಖಲೆ ಇದೆ. ಜನವರಿಯಲ್ಲಿ ಓದಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಅದಂತೂ ಮೊದಲ ಪುಟದಲ್ಲೇ ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ’ ಎಂದು ಎಚ್ಚರಿಸಿಯೇ ಒಳಗೆ ಬಿಟ್ಟುಕೊಳ್ಳುವ ಕಾದಂಬರಿ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಕಾಡು ಅಲೆಯುವಾಗ ದಿನಕ್ಕೆ ಎಂಬತ್ತು ಪುಟ ಓದಿದ್ದೂ ಉಂಟು, ನಿಯಮ ನೆನಪಾಗಲೇ ಇಲ್ಲ. ಏಪ್ರಿಲಿನಲ್ಲಿ ‘ಅನ್ನಾ ಕರೆನಿನಾ’. ಅದರಲ್ಲಿ ಲೆವಿನ್ ರೈತರ ಜೊತೆ ಹುಲ್ಲು ಕೊಯ್ಯುವ ಭಾಗ ಬಂದಾಗ ಕಥೆ ನಿಂತಿತೆಂದು ನನಗೆ ಅನಿಸಲಿಲ್ಲ. ಹೀಗಾಗಿ ‘ಓದುಗನಿಗೆ ತಾಳ್ಮೆಯಿಲ್ಲ’ ಎಂಬ ಸುಲಭದ ಷರಾ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ದಾಖಲಿಸಬೇಕು. ಈ ಕಥೆ ನನಗೆ ಹೊಸದಾಗಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಜಾನ್ ಹ್ಯೂಸ್ಟನ್ 1956ರಲ್ಲಿ ತೆಗೆದ ಸಿನಿಮಾವನ್ನು ಗೆಳೆಯನೊಬ್ಬನ ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡಿದ್ದೆ. ಗ್ರೆಗರಿ ಪೆಕ್ ಕ್ಯಾಪ್ಟನ್ ಅಹಾಬ್, ತನ್ನ ಕಾಲು ಕಿತ್ತ ಮೊಬಿ ಡಿಕ್ ಎಂಬ ಬಿಳಿ ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟವನು. ಕೊನೆಯಲ್ಲಿ ಅವನು ಹಗ್ಗಗಳಲ್ಲಿ ಸಿಲುಕಿ ಬಿಳಿ ತಿಮಿಂಗಿಲದ ಮೈಗೆ ಕಟ್ಟಿಬಿದ್ದು ಸತ್ತಿರುತ್ತಾನೆ. ತಿಮಿಂಗಿಲ ಹೊರಳಿದಂತೆ ಅವನ ಸತ್ತ ಕೈ ಆಡುತ್ತದೆ, ಬನ್ನಿ ಬನ್ನಿ ಎಂದು ಕರೆಯುವಂತೆ. ಮೂವತ್ತು ವರ್ಷ ಆ ಕೈ ನನ್ನ ತಲೆಯೊಳಗೆ ಆಡುತ್ತಿತ್ತು. ಸಿನಿಮಾದಲ್ಲೇ ಹೀಗಿದ್ದರೆ ಪುಸ್ತಕದಲ್ಲಿ ಇನ್ನು ಹೇಗಿರಬೇಡ!

ಮೂರು ದಿನದ ಸುಗ್ಗಿ

ಜುಲೈ 14, 15, 16. ಈ ಮೂರು ದಿನ ನಾನು ಮನೆಯಲ್ಲಿ ಎಲ್ಲರಿಗೂ ಈ ಪುಸ್ತಕದ ಬಗ್ಗೆಯೇ ಹೇಳುತ್ತಿದ್ದೆ. ಇಷ್ಮಾಯಿಲ್ ಎಂಬ ಕಾಸಿಲ್ಲದ ಹುಡುಗ ಕಡಲಿಗೆ ಹೋಗಲು ನ್ಯೂ ಬೆಡ್‌ಫೋರ್ಡಿಗೆ ಬರುತ್ತಾನೆ. ಛತ್ರದಲ್ಲಿ ಜಾಗವಿಲ್ಲ, ಇನ್ನೊಬ್ಬನ ಜೊತೆ ಹಾಸಿಗೆ ಹಂಚಿಕೊಳ್ಳಬೇಕು. ಆ ಇನ್ನೊಬ್ಬ ಮೈತುಂಬ ಹಚ್ಚೆಯಿರುವ, ಊರೆಲ್ಲ ಸುತ್ತಿ ಕೆಡದಂತೆ ಕಾಪಿಟ್ಟ ಮನುಷ್ಯರ ತಲೆ ಮಾರಿ ನಡುರಾತ್ರಿ ಮರಳುವ ಕ್ವೀಕ್ವೆಗ್. ಹೆದರಿಕೆಯಿಂದ ಶುರುವಾದದ್ದು ಒಂದೆರಡು ದಿನದಲ್ಲಿ ಜೀವದ ಗೆಳೆತನವಾಗುತ್ತದೆ. ನಕ್ಕು ನಕ್ಕು ಓದಿದೆ.

ಹದಿನಾರನೆಯ ಅಧ್ಯಾಯವಂತೂ ನನಗೆಂದೇ ಬರೆದಂತಿತ್ತು. ತಿಮಿಂಗಿಲ ಬೇಟೆಯ ಹಡಗಿನಲ್ಲಿ ಸಂಬಳವಿಲ್ಲ, ಲಾಭದಲ್ಲಿ ಪಾಲು. ಹಡಗಿನ ಪಾಲುದಾರ ಬಿಲ್ಡಾಡ್ ಬೈಬಲ್ ಓದುತ್ತಲೇ ಇಷ್ಮಾಯಿಲನಿಗೆ 777ನೆಯ ಒಂದು ಪಾಲು ಸಾಕು ಎನ್ನುತ್ತಾನೆ. ಇನ್ನೊಬ್ಬ ಪಾಲುದಾರ ಪೀಲೆಗ್ ಜಗಳಾಡಿ ಅದನ್ನು 300ನೆಯ ಪಾಲಿಗೆ ತರುತ್ತಾನೆ. ಮುಂದೆ ಕ್ವೀಕ್ವೆಗ್ ಈಟಿ ಎಸೆದು ತನ್ನ ಕೈಚಳಕ ತೋರಿಸಿದಾಗ ಅವನಿಗೆ ಕೂಡಲೇ 90ನೆಯ ಪಾಲು ಸಿಗುತ್ತದೆ. ಧರ್ಮದ ಮಾತನಾಡುತ್ತಾ ದುಡಿಯುವವನ ಪಾಲು ಕತ್ತರಿಸುವ ಇಂಥ ಆಡಳಿತ ಮಂಡಳಿಗಳನ್ನು ನಾನು ನೋಡಿಲ್ಲವೇ!

ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಪೀಕ್ವಾಡ್ ಹಡಗು ಕಡಲಿಗಿಳಿಯುತ್ತದೆ, ಇಪ್ಪತ್ತೆಂಟನೆಯದಕ್ಕೆ ದಂತದ ಕಾಲಿನ ಅಹಾಬ್ ಅಟ್ಟದ ಮೇಲೆ ಕಾಣಿಸಿಕೊಳ್ಳುತ್ತಾನೆ. ಇನ್ನೇನು ಎನ್ನುವಾಗ ಬಂತು ಮೂವತ್ತೆರಡನೆಯ ಅಧ್ಯಾಯ, ತಿಮಿಂಗಿಲ ಶಾಸ್ತ್ರ. ಲೋಕದ ತಿಮಿಂಗಿಲಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದರ ಬೆನ್ನು, ಬಾಲ, ಕೊಬ್ಬು, ಎಣ್ಣೆ. ಜುಲೈ 17ರ ನಿದ್ದೆ ಅಲ್ಲಿ ಬಂದದ್ದು.

ಬಾಕಿ ಬೆಳೆದ ಬಗೆ

ಮುಂದಿನ ತಿಂಗಳನ್ನು ದಿನದಿನವಾಗಿ ಹೇಳಿದರೆ ನೀವೂ ಮಲಗುತ್ತೀರಿ. ಹಗ್ಗದ ಮೇಲೆ ಒಂದು ಅಧ್ಯಾಯ, ತಿಮಿಂಗಿಲದ ಚಿತ್ರಗಳ ಮೇಲೆ ಮೂರು, ತಲೆಯ ಮೇಲೆ ಬೇರೆ, ಬಾಲದ ಮೇಲೆ ಬೇರೆ. ಕಥೆ ಒಂದು ಹೆಜ್ಜೆ ಮುಂದಿಟ್ಟರೆ ಉಪನ್ಯಾಸ ನಾಲ್ಕು ಹೆಜ್ಜೆ. ಬೇರೆ ಹಡಗು ಎದುರಾದಾಗಲೆಲ್ಲ ಅಹಾಬನದು ಒಂದೇ ಪ್ರಶ್ನೆ: ಬಿಳಿ ತಿಮಿಂಗಿಲವನ್ನು ಕಂಡಿರಾ? ನನ್ನದೂ ಅದೇ ಪ್ರಶ್ನೆಯಾಗಿತ್ತು.

ನಡುವೆ ಒಂದು ಸಂಜೆ ಮಾತ್ರ ಎಚ್ಚರವಾಗಿ ಕುಳಿತೆ. ಅಂಬರ್‌ಗ್ರಿಸ್ ಬರುವ ಎರಡು ಅಧ್ಯಾಯಗಳು. ‘ತಿಮಿಂಗಿಲ ವಾಂತಿ ಸಾಗಾಟ, ಬಂಧನ’ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧವಾದ ಅದೇ ವಸ್ತು. ಕಾದಂಬರಿಯಲ್ಲಿ ಪೀಕ್ವಾಡಿನ ಎರಡನೆಯ ಮೇಟ್, ಅಂದರೆ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಸ್ಟಬ್ ಒಂದು ಫ್ರೆಂಚ್ ಹಡಗಿನವರಿಗೆ ಸುಳ್ಳು ಹೇಳಿ, ಅವರು ಕಟ್ಟಿಕೊಂಡಿದ್ದ ಕೊಳೆತ ತಿಮಿಂಗಿಲವನ್ನು ಬಿಡಿಸಿಕೊಂಡು, ಅದರ ಹೊಟ್ಟೆ ಸೀಳಿ ಅಂಬರ್‌ಗ್ರಿಸ್ ತೆಗೆಯುತ್ತಾನೆ. ರೋಗದ ತಿಮಿಂಗಿಲದ ಕರುಳಿನ ಮಾಲನ್ನು ದೊಡ್ಡಮನೆಯ ಹೆಂಗಸರು, ಗಂಡಸರು ಸುಗಂಧವೆಂದು ಪೂಸಿಕೊಳ್ಳುತ್ತಾರಲ್ಲ ಎಂದು ಮೆಲ್ವಿಲ್ ಚುಚ್ಚುತ್ತಾನೆ. ಆ ದಿನ ಬಾಕಿ ಏಳು ಪುಟ ಇಳಿಯಿತು.

ಕೊನೆಗೂ ಬಿಳಿ ತಿಮಿಂಗಿಲ ಬಂತು. ಯಾವಾಗ? 135 ಅಧ್ಯಾಯಗಳ ಪುಸ್ತಕದ 133ನೆಯ ಅಧ್ಯಾಯದಲ್ಲಿ. ಮೂರು ಅಧ್ಯಾಯ, ಮೂರು ದಿನದ ಬೆನ್ನಟ್ಟುವಿಕೆ. ನಾನು ಆ ಕೈಗಾಗಿ ಕಾದು ಕುಳಿತೆ. ಮೂರನೆಯ ದಿನ ತಿಮಿಂಗಿಲದ ಬೆನ್ನಿನ ಮೇಲೆ ಹಗ್ಗದಿಂದ ಸುತ್ತಿಕೊಂಡ ಒಂದು ಹೆಣ ಕಾಣುತ್ತದೆ. ಅದು ಅಹಾಬ್ ಅಲ್ಲ, ಅವನ ಹಿಂದೆಯೇ ಸುಳಿಯುತ್ತಿದ್ದ ಫೆದಲ್ಲಾ. ಅಹಾಬ್ ಈಟಿ ಎಸೆಯುತ್ತಾನೆ, ಹಗ್ಗ ಸಿಕ್ಕಾಗುತ್ತದೆ, ಬಿಡಿಸಲು ಬಾಗುತ್ತಾನೆ, ಬಿಡಿಸಿಯೂ ಬಿಡುತ್ತಾನೆ, ಅಷ್ಟರಲ್ಲಿ ಓಡುವ ಹಗ್ಗದ ಒಂದು ಸುತ್ತು ಕೊರಳಿಗೆ ಬೀಳುತ್ತದೆ. ಮುಗಿಯಿತು. ಸದ್ದಿಲ್ಲ. ದೋಣಿಯಲ್ಲಿದ್ದವರಿಗೂ ಅವನು ಹೋದದ್ದು ಆಮೇಲೆ ತಿಳಿಯುತ್ತದೆ.

ನಾನು ಹಿಂದಿನ ಪುಟ ತಿರುವಿದೆ, ಮುಂದಿನದನ್ನೂ ತಿರುವಿದೆ. ಕರೆಯುವ ಕೈ ಇರಲಿಲ್ಲ. ಅದನ್ನು ಕೂರಿಸಿದ್ದು ಸಿನಿಮಾದವರು. ಮೂವತ್ತು ವರ್ಷದ ಠೇವಣಿ ಪಡೆಯಲು ಹೋದವನಿಗೆ, ಈ ಶಾಖೆಯಲ್ಲಿ ನಿಮ್ಮ ಖಾತೆಯೇ ಇಲ್ಲ ಎಂದಂತಾಯಿತು.

ಆಕ್ಷೇಪಣೆಗಳು

ಆಗಸ್ಟ್ 20ರ ಬೆಳಿಗ್ಗೆ ಕುಳಿತು ವಹಿಯ ಹಿಂಬದಿಯಲ್ಲಿ ಮೆಲ್ವಿಲ್ ಮೇಲೆ ಆಕ್ಷೇಪಣೆಗಳನ್ನು ಬರೆದೆ. ಸಿಟ್ಟಿನಲ್ಲಿ ಬರೆದದ್ದಾದರೂ ಕೆಲವು ಇವತ್ತಿಗೂ ನಿಲ್ಲುತ್ತವೆ.

ಕಥೆ ಹೇಳುವವನು ಇಷ್ಮಾಯಿಲ್. ಆದರೆ 37ನೆಯ ಅಧ್ಯಾಯದಲ್ಲಿ ಅಹಾಬ್ ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ಆಡಿಕೊಳ್ಳುವ ಮಾತು ಇವನಿಗೆ ಹೇಗೆ ಕೇಳಿಸಿತು? ವೋಚರ್ ಇಲ್ಲ. ಬಲ್ಕಿಂಗ್‌ಟನ್ ಎಂಬ ಆಜಾನುಬಾಹು ನಾವಿಕನನ್ನು ಮೂರನೆಯ ಅಧ್ಯಾಯದಲ್ಲಿ ಭಾರಿ ಗೌರವದಿಂದ ಪರಿಚಯಿಸಿ, 23ನೆಯದರಲ್ಲಿ ಅವನಿಗೊಂದು ಪುಟ್ಟ ಅಧ್ಯಾಯ ಕೊಟ್ಟು ಇದೇ ಅವನ ಸಮಾಧಿ ಎಂದು ಕೈತೊಳೆದುಕೊಳ್ಳುತ್ತಾನೆ. ಹಾಗಾದರೆ ಕರೆತಂದದ್ದು ಯಾಕೆ? ಅಷ್ಟು ಪ್ರೀತಿಯಿಂದ ಕಟ್ಟಿದ ಕ್ವೀಕ್ವೆಗ್ ಗೆಳೆತನ ಹಡಗು ಹತ್ತಿದ ಮೇಲೆ ಮೂಲೆ ಸೇರುತ್ತದೆ.

ಫೆದಲ್ಲಾನ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಬೇರೆ ಬಗೆಯದು. ಅವನು ಪಾರ್ಸಿ. ಕೂದಲನ್ನೇ ಹೆಣೆದು ಪೇಟದಂತೆ ಸುತ್ತಿಕೊಂಡವನು, ಬೆಂಕಿಯನ್ನು ಪೂಜಿಸುವವನು, ಹಡಗಿನಲ್ಲಿ ಅಡಗಿ ಬಂದವನು, ಸೈತಾನನೇ ಇರಬಹುದೆಂದು ನಾವಿಕರು ಪಿಸುಗುಟ್ಟುವವನು. ಅವನಿಗೆ ಊರಿಲ್ಲ, ಮನೆಯಿಲ್ಲ, ಒಂದು ನಗುವೂ ಇಲ್ಲ. ಪಾರ್ಸಿ ಎಂದರೆ ದಾದಾಭಾಯಿ ನವರೋಜಿ, ಟಾಟಾ ಎಂದು ಬೆಳೆದ ನಮಗೆ ಇದು ಹೇಗೆ ಒಗ್ಗಬೇಕು? ಹಚ್ಚೆಯವನನ್ನು ಮನುಷ್ಯನನ್ನಾಗಿ ಕಾಣಿಸಿದ ಕೈಯೇ ಪಾರ್ಸಿಯನ್ನು ಬೆದರುಬೊಂಬೆ ಮಾಡಿತು. ಕಾಲ ಹಾಗಿತ್ತು ಎನ್ನುವವರಿಗೆ ಕ್ವೀಕ್ವೆಗ್‌ನೇ ಉತ್ತರ. ಅವನನ್ನು ಬರೆದದ್ದೂ ಅದೇ ಕಾಲದಲ್ಲಿ.

ನನ್ನಂಥವರು ಆಗಲೂ ಇದ್ದರೆಂಬುದು ಸಣ್ಣ ಸಮಾಧಾನ. ಪುಸ್ತಕ 1851ರ ಅಕ್ಟೋಬರಿನಲ್ಲಿ ಮೊದಲು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂತು, ಇಷ್ಮಾಯಿಲ್ ಬದುಕಿ ಉಳಿದದ್ದನ್ನು ಹೇಳುವ ಉಪಸಂಹಾರವೇ ಇಲ್ಲದೆ. ಎಲ್ಲರೂ ಮುಳುಗಿದ ಮೇಲೆ ಈ ಕಥೆ ಹೇಳಿದವನು ಯಾರು ಎಂದು ಅಲ್ಲಿನ ವಿಮರ್ಶಕರು ಕೇಳಿದರು. ನ್ಯಾಯವಾದ ಆಕ್ಷೇಪಣೆ. ಮೆಲ್ವಿಲ್ ಮುಂದೆ ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ 19 ವರ್ಷ ಇನ್‌ಸ್ಪೆಕ್ಟರ್ ಆಗಿ ದುಡಿದು, 1891ರಲ್ಲಿ ತೀರಿಕೊಂಡಾಗ ಹೆಚ್ಚು ಜನರಿಗೆ ಅವನ ನೆನಪಿರಲಿಲ್ಲ. ‘ಶ್ರೇಷ್ಠ’ ಎಂಬ ಮೊಹರು ಬಿದ್ದದ್ದು 1920ರ ದಶಕದಿಂದ ಈಚೆಗೆ.

ಮರುಪರಿಶೀಲನೆ

ಅಕ್ಟೋಬರಿನಲ್ಲಿ ದಸರೆ ರಜೆಗೆ ಧಾರವಾಡಕ್ಕೆ ಹೋದಾಗ ಆಕ್ಷೇಪಣೆಗಳನ್ನು ಭಾವನ ಮುಂದೆ ಓದಿದೆ. ಅವರು ಎಲ್ಲ ಕೇಳಿ, ‘ನಿಮಗೆ ನಿದ್ದೆ ಬಂದ ಅಧ್ಯಾಯ ಯಾವುದು? ಅದನ್ನೇ ಓದಿರಿ’ ಎಂದರು. ಅವರ ಇಂಗ್ಲಿಷ್ ಕಣ್ಣು ಈಗ ಮಂದ. ಹೀಗಾಗಿ ಗಮಕದ ಕ್ರಮ ಹಿಡಿದೆವು. ನಾನು ಒಂದು ಭಾಗ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಅವರು ನಡುವೆ ಬಾಯಿ ಹಾಕುವುದು. ಹನ್ನೆರಡೇ ಪುಟಕ್ಕೆ ಒಂದು ಸಂಜೆ ಹೋಯಿತು.

ತಿಮಿಂಗಿಲ ಮೀನು, ಯಾರು ಏನೇ ಹೇಳಲಿ, ಸಾಕ್ಷಿಗೆ ಬೈಬಲ್ಲಿನಲ್ಲಿ ದೊಡ್ಡ ಮೀನು ನುಂಗಿದ ಯೋನನನ್ನು ಕರೆಯುತ್ತೇನೆ ಎಂದು ಇಷ್ಮಾಯಿಲ್ ಸಾಧಿಸುವ ಜಾಗಕ್ಕೆ ಭಾವ ಮೊದಲ ಸಲ ನಕ್ಕರು. ‘ನಮ್ಮ ಹೆಸರಿನಲ್ಲೇ ಮೀನಿದೆ. ತಿಮಿ ಎಂಬ ಮೀನನ್ನೇ ನುಂಗುವುದು ತಿಮಿಂಗಿಲ.’ ಆಮೇಲೆ ವಿಂಗಡಣೆ ಬಂತು. ಮೆಲ್ವಿಲ್ ತಿಮಿಂಗಿಲಗಳನ್ನು ಪುಸ್ತಕದ ಅಳತೆಗಳಲ್ಲಿ ವಿಂಗಡಿಸುತ್ತಾನೆ: ದೊಡ್ಡವು ಫೋಲಿಯೊ, ಮಧ್ಯಮ ಆಕ್ಟೇವೊ, ಸಣ್ಣವು ಡ್ಯುವೊಡೆಸಿಮೊ. ನಮ್ಮಲ್ಲಿ ಡೆಮಿ, ಕ್ರೌನ್ ಎನ್ನುವ ಹಾಗೆ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ‘ಇವನೆಲ್ಲಿ ತಿಮಿಂಗಿಲ ಲೆಕ್ಕ ಹಾಕುತ್ತಿದ್ದಾನೆ? ಗ್ರಂಥಾಲಯದ ಕಪಾಟು ಜೋಡಿಸುತ್ತಿದ್ದಾನೆ. ನಿಮಗೆ ಇದು ತಮಾಷೆ ಎಂದು ಹೊಳೆಯಲಿಲ್ಲವೇ?’

ಹೊಳೆದಿರಲಿಲ್ಲ. ಜುಲೈ 17ರಂದು ನಾನು ಆ ಹೆಸರುಗಳಿಗೆ ನಿಘಂಟು ಕೂಡ ತೆಗೆದಿರಲಿಲ್ಲ, ಬಾಕಿ 37 ಪುಟ ಕಣ್ಣೆದುರು ಕುಣಿಯುತ್ತಿತ್ತು. ಅಧ್ಯಾಯದ ಕೊನೆ ತಲುಪಿದಾಗ ಇನ್ನೂ ನಾಚಿಕೆಯಾಯಿತು. ಈ ವಿಂಗಡಣೆಯನ್ನು ನಾನು ಮುಗಿಸುವುದಿಲ್ಲ, ಗೋಪುರದ ತಲೆಯ ಮೇಲೆ ಕ್ರೇನ್ ನಿಂತೇ ಇರುವ ಕಲೋನ್ ಇಗರ್ಜಿಯಂತೆ ಅರ್ಧಕ್ಕೆ ಬಿಡುತ್ತೇನೆ, ಈ ಇಡೀ ಪುಸ್ತಕವೇ ಒಂದು ಕರಡು, ಅಲ್ಲ, ಕರಡಿನ ಕರಡು ಎಂದು ಅಲ್ಲಿ ಬರೆದಿದೆ. ಪೂರ್ತಿ ಮಾಡುವ ಹಟವನ್ನು ಗೇಲಿ ಮಾಡುವ ಪುಟಗಳನ್ನು ನಾನು ಪೂರ್ತಿ ಮಾಡುವ ಹಟದಲ್ಲಿ ಮಲಗಿ ಓದಿದ್ದೆ.

ಅಡ್ಡಕಥೆಗಳ ಬಗ್ಗೆ ಭಾವನದು ಮಾಸ್ತರಿಕೆಯ ತೀರ್ಪು: ‘ಮಹಾಕಾವ್ಯ ಎಂದ ಮೇಲೆ ಅಷ್ಟಾದಶ ವರ್ಣನೆ ಬೇಕಲ್ಲವೇ? ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ. ಪಂಪನಲ್ಲಿ ಅವು ಬಂದಾಗ ಕಥೆ ನಿಂತಿತು ಎಂದು ಗೊಣಗುತ್ತೀರಾ?’ ಮಾತು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ನಮ್ಮ ಕವಿಗಳು ಹದಿನೆಂಟಕ್ಕೆ ನಿಲ್ಲಿಸುತ್ತಿದ್ದರು.

ಆ ರಜೆಯಲ್ಲಿ ನಿಯಮವಿಲ್ಲದೆ, ಮನಸ್ಸಿಗೆ ಬಂದ ಅಧ್ಯಾಯ ತೆರೆದು ಓದಿದೆ. 55ನೆಯದರಲ್ಲಿ ತಿಮಿಂಗಿಲದ ಅತಿ ಹಳೆಯ ಚಿತ್ರ ಎಲಿಫೆಂಟಾ ಗುಹೆಯಲ್ಲಿದೆ, ಅದು ಮತ್ಸ್ಯಾವತಾರ ಎಂದು ಬರೆಯುತ್ತಾನೆ. ಶಿವನ ಗುಹೆಯಲ್ಲಿ ವಿಷ್ಣುವಿನ ತಿಮಿಂಗಿಲ! ಅದು ಸಾಲದೆಂದು 82ನೆಯದರಲ್ಲಿ ವೇದಗಳು ನೀರಿನಡಿ ಬಿದ್ದಿದ್ದರಿಂದ ವಿಷ್ಣು ತಿಮಿಂಗಿಲವಾಗಿ ಮುಳುಗಿ ಅವನ್ನು ತಂದ, ಆದ್ದರಿಂದ ವಿಷ್ಣುವೂ ನಮ್ಮ ಬೇಟೆಗಾರರ ಸಂಘದ ಸದಸ್ಯ ಎಂದು ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಭಾವನಿಗೆ ಇದು ಎಷ್ಟು ಹಿಡಿಸಿತೆಂದರೆ ಅತ್ತಿಗೆಯನ್ನು ಒಳಗಿನಿಂದ ಕರೆದು ಇನ್ನೊಮ್ಮೆ ಹೇಳಿಸಿದರು.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಹತ್ತನೆಯ ಅಧ್ಯಾಯ. ಓದು ಬಾರದ ಕ್ವೀಕ್ವೆಗ್ ಛತ್ರದಲ್ಲಿ ಒಂದು ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪುಟ ಎಣಿಸುತ್ತಾನೆ. ಪ್ರತಿ ಐವತ್ತನೆಯ ಪುಟಕ್ಕೆ ನಿಂತು, ಸುತ್ತ ನೋಡಿ, ಬೆರಗಿನಿಂದ ಉದ್ದನೆಯ ಸಿಳ್ಳೆಯೊಂದನ್ನು ಹೊರಡಿಸುತ್ತಾನೆ. ಮತ್ತೆ ಒಂದರಿಂದ ಶುರು. ಐವತ್ತಕ್ಕಿಂತ ಹೆಚ್ಚು ಎಣಿಸಲು ಅವನಿಗೆ ಬಾರದು. ಜುಲೈ 14ರಂದು ಈ ಪುಟ ಓದಿ ಗಹಗಹಿಸಿ ನಕ್ಕು, ವಹಿಯಲ್ಲಿ ‘50’ ಎಂದು ಬರೆದು, ಬಾಕಿಯ ಕಾಲಂ ಖಾಲಿ ಬಿಟ್ಟು ದೀಪ ಆರಿಸಿದ್ದೆ.

ಆಖೈರು ಶಿಲ್ಕು

ಹೊಣೆ ಹಂಚುವ ಕೆಲಸ ಉಳಿಯಿತು. ಸಿನಿಮಾದ ಕೈಗೆ ಮೆಲ್ವಿಲ್ ಹೊಣೆಯಲ್ಲ, ಆ ರಕಮನ್ನು ನನ್ನ ಖಾತೆಗೆ ಹಾಕಿಕೊಂಡೆ. ಅಹಾಬನ ಸಾವನ್ನು ಆಮೇಲೆ ಎರಡು ಸಲ ಓದಿದ್ದೇನೆ. ಅಷ್ಟು ಗರ್ಜಿಸಿದವನು ಅಷ್ಟು ಸದ್ದಿಲ್ಲದೆ ಹೋಗುವುದು ಈಗ ಸಿನಿಮಾಗಿಂತ ಹೆಚ್ಚು ಕಾಡುತ್ತದೆ. ತಿಮಿಂಗಿಲ ಶಾಸ್ತ್ರದ ಆಕ್ಷೇಪಣೆಯನ್ನು ಹಿಂಪಡೆದಿದ್ದೇನೆ. ವೋಚರ್ ವಿಷಯವನ್ನು ಕೈಬಿಟ್ಟಿದ್ದೇನೆ, ಮಹಾಭಾರತದ ಯುದ್ಧವನ್ನು ಸಂಜಯ ಹೇಳಿದ ಮೇಲೆ ಇದನ್ನು ಎತ್ತುವುದು ನನಗೆ ಶೋಭಿಸುವುದಿಲ್ಲ. ಚಿತ್ರಗಳ ಮೇಲಿನ ಮೂರು ಅಧ್ಯಾಯಗಳಲ್ಲಿ ಎಲಿಫೆಂಟಾ ಒಂದನ್ನು ಬಿಟ್ಟರೆ ಉಳಿದದ್ದು ಎರಡನೆಯ ಓದಿನಲ್ಲೂ ಬೇಸರವೇ. ಬಲ್ಕಿಂಗ್‌ಟನ್ ಬಾಕಿ. ಫೆದಲ್ಲಾ ಬಾಕಿ, ಅದಕ್ಕೆ ಯಾವ ಅನುಪಾಲನಾ ವರದಿಯೂ ಸಾಲದು. ಮೆಲ್ವಿಲ್ ಹೊರಬೇಕಾದ ಪಾಲು ಬಿಲ್ಡಾಡನ 777ನೆಯದಷ್ಟು ಸಣ್ಣದಲ್ಲ, ಆದರೆ ಆಗಸ್ಟ್ 20ರಂದು ನಾನು ಬರೆದಷ್ಟೂ ಅಲ್ಲ.

ವರ್ಷದ ಕೊನೆಗೆ ಆದದ್ದು ಒಂಬತ್ತು ಕಾದಂಬರಿ. ಡಿಸೆಂಬರ್ 31ರಂದು ಭಾವನ ಮನೆಯಲ್ಲಿ ಗಿರ್ಮಿಟ್ ಕಲಸಿದ್ದು ನಾನೇ, ಮಿರ್ಚಿ ಮಾತ್ರ ಅಂಗಡಿಯದು. ಹೊರಡುವಾಗ ಭಾವ ಪುಸ್ತಕ ಕೇಳಿ ಇಟ್ಟುಕೊಂಡರು. ಮೊಮ್ಮಗ ಸಂಜೆ ಸಂಜೆ ಓದಿ ಹೇಳುತ್ತಾನಂತೆ. ಹೋದ ವಾರ ಫೋನ್ ಮಾಡಿದ್ದರು. ಇನ್ನೂರನೆಯ ಪುಟ ದಾಟಿದೆಯಂತೆ. ಕುಶಲ ವಿಚಾರಿಸಿ, ಹವೆ ವಿಚಾರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಂದಹಾಗೆ, ಆ ಬಿಳಿ ತಿಮಿಂಗಿಲ ಎಷ್ಟನೆಯ ಅಧ್ಯಾಯಕ್ಕೆ ಬರುತ್ತದೆ?’

‘ಬರುತ್ತದೆ, ಓದಿಸಿರಿ’ ಎಂದೆ.